ಎಡಕ್ಕಿಟ್ಟ ಎಡಿ

ಅರ್ಧ ತಾಟು ಉಂಡು ಅವ್ವ ಅಂತಾಳ:
"ಇಷ್ಟ ಏನ ಹಾಕೀದಿ? ಮನ್ಯಾಗ ಜ್ವಾಳ ತೀರ್ಯಾವೇನು?"
ಹಾಲಿನಾಗ ನೆನಸಿದ ರೊಟ್ಟಿ,
ನಡುವ ಗೆರಿ ಕೊರದಂಗ,
ಬಲಕ್ಕ ಬರೇ ಸ್ಟೀಲು,
ಎಡಕ್ಕ ಹಾಕಿದ್ದು ಹಾಕಿದಂಗ.
ನಾ ಏನೂ ಅನ್ನೂದಿಲ್ಲ.
ತಾಟು ತಿರುಗಸ್ತೀನಿ.
"ಹಾಂ, ಈಗ ಬಂತು ನೋಡು,"
ಯಾರೋ ಹೊಸದಾಗಿ ಬಡಿಸಿದಂಗ.

ಸೋಲಾಪುರದ ಸಿವಿಲ್, ಹೆಂಗಸರ ವಾರ್ಡು,
ಕಿಡಕಿ ಹತ್ರದ ಹದಿನಾಲ್ಕನೇ ಕಾಟು.
ಸಣ್ಣ ವಯಸ್ಸಿನ ಡಾಕ್ಟರಬಾಯಿ
ಮರಾಠಿಯೊಳಗ ಹೇಳಿ ಹೋದಳು:
ಕಣ್ಣು ಛಲೋನ ಅದಾವ,
ಎಡ ಅನ್ನೂದು ಒಂದು ಐತಿ ಅನ್ನೂದನ್ನ ಮೆದುಳು ಮರತೈತಿ.
ನೀವು ಡಾವ್ಯಾ ಬಾಜೂಲಾನ ನಿಲ್ರಿ,
ಅಲ್ಲಿಂದನ ಮಾತಾಡಸ್ರಿ, ಅಲ್ಲಿಂದನ ಉಣಸ್ರಿ,
ಒಂದಿಲ್ಲೊಂದು ದಿನ ತಿರುಗಿ ನೋಡ್ಯಾರು.

ಹಂಗಾಗಿ ಹನ್ನೊಂದು ದಿನದಿಂದ
ಇಲ್ಲದ ಕಡೆ ನಿಂತೀನಿ.

ನಾ ಹುಟ್ಟಾ ಎಡಚಿ.
ಎಡಗೈಲೆ ಎಡಿ ಹಿಡದ್ರ ದೇವರು ಉಣ್ಣೂದಿಲ್ಲ ಅಂತ
ಬೀಡಿ ಎಲಿ ಕತ್ತರಿಸೂ ಕತ್ತರಿಯಿಂದ
ಗೆಣ್ಣಿಗೆ ಬಡೀತಿದ್ದಳು ಅವ್ವ.

ರೇವಣ ಗ್ಯಾರೇಜಿನಿಂದ ಬರ್ತಾನ, ಹತ್ತು ನಿಮಿಷ.
ಸ್ಟೂಲು ಬಲಕ್ಕ ಎಳಕೊಂಡು ಕುಂದರ್ತಾನ.
ಈ ಕಡೆ ಬಾರೋ ಅಂದ್ರ
"ಅವ್ವಗ ನಾ ಕಾಣಬೇಕಲ್ಲ, ಅಕ್ಕಾ."
ಅವನ ಗಲ್ಲ ಸವರಿ, ಸೊರಗೀದಿ ಅಂದು,
ಅವನ್ನ ಕೇಳ್ತಾಳ: "ಸುಗಲಾ ಇನ್ನಾ ಬರಲಿಲ್ಲೇನು?
ಆಕೀಗೆ ನನ್ನ ನೆನಪರ ಐತೋ ಇಲ್ಲೋ."
ಸುಗಲಾ ಅಂದ್ರ ನಾನು.
ಅವ್ವನ ಎಡಗೈ ನನ್ನ ಕೈಯಾಗ ಇತ್ತು.

ಸಿಟ್ಟು ಬರ್ತೈತಿ, ಸುಳ್ಳ್ಯಾಕ ಹೇಳ್ಲಿ.
ಭಾಂಡೆ ತೊಳದು, ಎರಡು ತಾಸಿಗೊಮ್ಮೆ ಮಗ್ಗಲಾ ಹೊರಳಿಸಿ,
ಬೆನ್ನಿಗೆ ಪೌಡರ್ ಹಚ್ಚಿ, ಮಾವಶಿಗೆ ಚಾದ ರೊಕ್ಕ ಕೊಟ್ಟು,
ಬಂದಿಲ್ಲ ಅನಿಸ್ಕೋಬೇಕು.
ಜಿನ್ನೆ ಮ್ಯಾಲ ಕುಂತು ಅಳಾಕ ಹೋದ್ರ
ಅಲ್ಲೂ ಜಾಗ ಇಲ್ಲ, ಅಕ್ಕಲಕೋಟದವರು ಬುತ್ತಿ ಬಿಚ್ಚಿದ್ರು.
"ಬರ್ರಿ, ಒಂದು ತುತ್ತು ಉಣ್ರಿ" ಅಂದ್ರು.
ಶೇಂಗಾ ಹಿಂಡಿ ಖಾರಿತ್ತು.
ಕಣ್ಣೀರಿಗೆ ಅದ ನೆವ ಆತು.

ಮೊನ್ನೆ ನಿದ್ದಿಯೊಳಗ
ಆಕೀ ಬಲಗೈಗೆ ಎಡಗೈ ತಾಗಿ
ಹಾವು ಮುಟ್ಟಿದಂಗ ಕೈ ಎಳಕೊಂಡಳು.
"ಇದು ಯಾರ್ದು? ಬಾಜೂ ಕಾಟಿನಾಕಿ
ಬಿಟ್ಟು ಹೋಗ್ಯಾಳೇನು? ಕೊಟ್ಟು ಬಾ."
ನಿಂದ ಅಂದ್ರ ನಕ್ಕಳು.
ಕೈ ಕೈ ಕೊಟ್ಟ ಮ್ಯಾಲ
ನಂದು ನಿಂದು ಅಂತ ಏನು ಜಗಳ.

ಇವತ್ತು ನಾ ವಾದಕ್ಕ ಹೋಗಲಿಲ್ಲ.
ಆ ಕೈ ಎತ್ತಿ ಬಲಕ್ಕ ತಂದು
ಸೀರಿ ಅಂಗಡ್ಯಾಗ ಮಾಲು ತೋರಿಸಿದಂಗ
ಕಣ್ಣ ಮುಂದ ಹಿಡದೆ.
ಭಾಳ ಹೊತ್ತು ನೋಡಿದಳು.
ಉಗುರು. ತೋರುಬೆರಳಿಗೆ ದಾರ ಕೊರದ ಗೆರಿ.
ಮೂವತ್ತೆಂಟು ವರ್ಷ ತಂಬಾಕು ಕುಡದ ಹಳದಿ.
"ಬೀಡಿ ಕಟ್ಟೂ ಕೈ," ಅಂದಳು.
"ದಿನಾ ಎಷ್ಟು ಕಟ್ಟತಾಳ?"
ಸಾವಿರ ಅಂದೆ.
"ಎಲಿ ಛಲೋ ಇದ್ರ ಆದೀತು.
ಛಾಟ ಎಷ್ಟು ತಗೀತಾರ ಕಾರಖಾನ್ಯಾಗ?"
ನೂರು.
"ನನಗೂ ಅಷ್ಟ ತಗೀತಿದ್ರು, ಹಲ್ಕಟ್ಟರು."
ಒಂದು ಗಳಿಗಿ ಸುಮ್ಮಿದ್ದಳು.
"ತಣ್ಣಗ ಐತಿ ಕೈ, ಪಾಪ, ದಣದಾಳ.
ಮದಲ ಆಕೀಗೆ ಚಾ ಕೊಡು."

ಕ್ಯಾಂಟೀನಿನಿಂದ ಕಪ್ಪು ತುಂಬಿ ತಂದೆ.
ಬಲಕ್ಕ ಇಡಬಹುದಿತ್ತು.
ಎಡಕ್ಕ ಇಟ್ಟೆ, ನನ್ನ ಎಡಗೈಲೆ.
ಅವ್ವ ಕಿಡಕಿ ನೋಡಕೋತ ಮಲಗ್ಯಾಳ.
ಉಗಿ ಏಳಾಕತ್ತೈತಿ.
ಕೆನಿ ಕಟ್ಟೂತನಾ ನೋಡೂಣಂತ
ನಿಂತೀನಿ.